ಡಿಸ್ಕುಗಳ ಹಾಜರಿ ಕರೆಯುವ ಕತೆ

ಲಿನಕ್ಸಿನಲ್ಲಿ ‘ಪಿವಿಸ್ಕ್ಯಾನ್’ ಅಂತ ಒಂದು ಆದೇಶ ಇದೆ. ಅದರ ಅಣ್ಣ ‘ವಿಜಿಸ್ಕ್ಯಾನ್’. ಸರ್ವರುಗಳ ಜೊತೆ ಏಗುವವರನ್ನು ಬಿಟ್ಟರೆ ಬೇರೆ ಯಾರೂ ಇವುಗಳ ಹೆಸರು ಕೇಳಿರಲಿಕ್ಕಿಲ್ಲ. ಮಳೆ, ಸಿನಿಮಾ, ಊರಿನ ಜಾತ್ರೆ ಅಂತ ಚೆಂದಾಗಿ ಬರೆಯುವ ನಮ್ಮ ಬ್ಲಾಗಿಗರ ನಡುವೆ ಇವನದ್ಯಾವುದಪ್ಪ ಈ ಡಿಸ್ಕು ಪುರಾಣ ಅಂತ ಬೈಯಬೇಡಿ :) ಎಷ್ಟೋ ವರ್ಷ ಇದೇ ಆದೇಶಗಳನ್ನು ಒತ್ತಿ ಒತ್ತಿ ಅನ್ನ ತಿಂದವನು ನಾನು. ಅವುಗಳ ಹಿಂದೆ ಮೂವತ್ತೈದು ವರ್ಷದ ಒಂದು ಜಗಳ ಇದೆ, ಅದು ಇವತ್ತಿಗೂ ಪೂರ್ತಿ ತೀರಿಲ್ಲ. ಅದನ್ನು ಕನ್ನಡದಲ್ಲಿ ಬರೆದಿಡಬೇಕು ಅಂತ ಬಹಳ ದಿನದ ಆಸೆ.

ಮೊದಲು ಎರಡು ಮಾತು ವಿಷಯ ಗೊತ್ತಿಲ್ಲದವರಿಗೆ. ಹಳೆಯ ಕಾಲದಲ್ಲಿ ಡಿಸ್ಕನ್ನು ಭಾಗ ಮಾಡುವುದು ಅಂದರೆ ಅಣ್ಣತಮ್ಮಂದಿರು ಪಾಲಾದ ಮನೆಯ ಹಾಗೆ. ನಡುವೆ ಗೋಡೆ ಎದ್ದ ಮೇಲೆ ಒಬ್ಬನ ಕೋಣೆ ತುಂಬಿ ತುಳುಕಿದರೂ ಪಕ್ಕದವನ ಖಾಲಿ ಕೋಣೆ ಸಿಗುವುದಿಲ್ಲ. ಇದಕ್ಕೆ ಪರಿಹಾರವಾಗಿ ಬಂದದ್ದು ಲಾಜಿಕಲ್ ವಾಲ್ಯೂಮ್ ಮ್ಯಾನೇಜರ್, ಎಲ್‌ವಿಎಂ. ಇದರಲ್ಲಿ ಒಂದೊಂದು ಡಿಸ್ಕೂ ಒಂದು ‘ಫಿಸಿಕಲ್ ವಾಲ್ಯೂಮ್’. ಹಲವು ಡಿಸ್ಕು ಸೇರಿ ಒಂದು ‘ವಾಲ್ಯೂಮ್ ಗ್ರೂಪ್’, ಒಟ್ಟು ಕುಟುಂಬದ ಜಮೀನಿನ ಹಾಗೆ. ಅದರಿಂದ ಬೇಕು ಬೇಕಾದಷ್ಟು ಅಳೆದು ಕೊಡುವ ತುಂಡು ‘ಲಾಜಿಕಲ್ ವಾಲ್ಯೂಮ್’. ಸಾಲದಿದ್ದರೆ ಇನ್ನೊಂದು ಡಿಸ್ಕು ತಂದು ಗ್ರೂಪಿಗೆ ಸೇರಿಸಿದರಾಯಿತು, ತುಂಡು ದೊಡ್ಡದಾಗುತ್ತದೆ.

ಕೇಳಲಿಕ್ಕೆ ಸುಲಭ. ಆದರೆ ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದಾಗ ಒಂದು ಪ್ರಶ್ನೆ ಏಳುತ್ತದೆ. ಎದುರಿಗೆ ಹತ್ತು ಡಿಸ್ಕು ನಿಂತಿವೆ. ಇವುಗಳಲ್ಲಿ ಯಾವ ಮೂರು ಒಂದೇ ಕುಟುಂಬದವು? ಯಾವುದು ಮೊದಲು, ಯಾವುದು ಆಮೇಲೆ? ಯಾವುದಾದರೂ ಬರದೇ ಇದೆಯಾ? ಇದು ತಪ್ಪಿದರೆ ಕಡತಗಳೇ ಸಿಗುವುದಿಲ್ಲ. ಡಿಸ್ಕಿನ ಹೆಸರನ್ನು ನಂಬುವ ಹಾಗಿಲ್ಲ, ಯಾಕೆಂದರೆ ಇವತ್ತು ‘ಎಸ್‌ಡಿಬಿ’ ಆಗಿದ್ದ ಡಿಸ್ಕು ನಾಳೆ ಕೇಬಲ್ಲು ಬದಲಾದರೆ ‘ಎಸ್‌ಡಿಸಿ’ ಆಗಿ ಕೂತಿರುತ್ತದೆ.

ಇದಕ್ಕೆ ಎರಡು ದಾರಿ. ಹೊಲದ ಗಡಿ ಗೊತ್ತು ಮಾಡುವುದನ್ನು ನೆನೆಸಿಕೊಳ್ಳಿ. ಒಂದೋ ಹೊಲಕ್ಕೇ ಹೋಗಿ ಬಾಂದುಕಲ್ಲು ನೋಡಬೇಕು, ಇಲ್ಲಾ ಶಾನುಭೋಗರ ಪುಸ್ತಕ ತೆಗೆಸಬೇಕು. ಡಿಸ್ಕಿನಲ್ಲೇ ಒಂದು ಗುರುತು ಬರೆದಿಟ್ಟು, ಪ್ರತಿ ಸಲ ಎಲ್ಲ ಡಿಸ್ಕನ್ನೂ ಓದಿ ಆ ಗುರುತು ಹುಡುಕುವುದು ಬಾಂದುಕಲ್ಲಿನ ದಾರಿ. ಇದೇ ಸ್ಕ್ಯಾನು. ಯಾವ ಡಿಸ್ಕು ಯಾರದ್ದು ಅಂತ ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಇಟ್ಟು ಅದನ್ನೇ ನಂಬುವುದು ಶಾನುಭೋಗರ ದಾರಿ. ಕಲ್ಲು ಮತ್ತು ಪುಸ್ತಕ ಎರಡೂ ಒಂದೇ ಮಾತು ಹೇಳುವಷ್ಟು ದಿನ ತಕರಾರಿಲ್ಲ. ಬೇರೆ ಬೇರೆ ಹೇಳಿದ ದಿನ ಯಾರನ್ನು ನಂಬಬೇಕು ಅನ್ನುವುದೇ ನಾನು ಹೇಳಿದ ಜಗಳ.

ಕತೆ ಶುರುವಾಗುವುದು ಐಬಿಎಂನಿಂದ. 1990ರಲ್ಲಿ ಅವರ ಆರ್‌ಎಸ್/6000 ಯಂತ್ರಗಳ ಜೊತೆ ಎಐಎಕ್ಸ್ 3 ಬಂತು, ಅದರೊಳಗೇ ಎಲ್‌ವಿಎಂ ಇತ್ತು. ಎಐಎಕ್ಸ್‌ನವರು ಕಲ್ಲನ್ನೂ ನೆಟ್ಟರು, ಪುಸ್ತಕವನ್ನೂ ಇಟ್ಟರು. ಪ್ರತಿ ಡಿಸ್ಕಿಗೂ ಪಿವಿಐಡಿ ಅಂತ ಒಂದು ಗುರುತಿನ ಸಂಖ್ಯೆ. ಯಂತ್ರದ ಸೀರಿಯಲ್ ನಂಬರು ಮತ್ತು ಆ ಹೊತ್ತಿನ ದಿನಾಂಕ ಸೇರಿಸಿ ಮಾಡಿದ್ದು. ಹುಟ್ಟಿದ ಊರು, ಹುಟ್ಟಿದ ಗಳಿಗೆ ಎರಡೂ ಸೇರಿದ ಜಾತಕ ಅನ್ನಿ. ಜೊತೆಗೆ ಡಿಸ್ಕಿನ ಮೇಲೆ ವಿಜಿಡಿಎ ಅನ್ನುವ ಜಾಗ, ಅದರಲ್ಲಿ ಇಡೀ ಗ್ರೂಪಿನ ವಿವರ. ಇನ್ನೊಂದು ಪ್ರತಿ ಯಂತ್ರದ ಒಡಿಎಂ ಅನ್ನುವ ದತ್ತಾಂಶ ಕೋಶದಲ್ಲಿ.

ಇದರಲ್ಲಿ ನನಗೆ ಬಹಳ ಇಷ್ಟವಾದ್ದು ಅವರ ಕೋರಂ ಲೆಕ್ಕ. ಗ್ರೂಪಿನಲ್ಲಿ ಒಂದೇ ಡಿಸ್ಕಿದ್ದರೆ ಅದರಲ್ಲಿ ವಿಜಿಡಿಎಯ ಎರಡು ಪ್ರತಿ. ಎರಡು ಡಿಸ್ಕಿದ್ದರೆ ಒಂದರಲ್ಲಿ ಎರಡು, ಇನ್ನೊಂದರಲ್ಲಿ ಒಂದು. ಮೂರು ಅಥವಾ ಹೆಚ್ಚಿದ್ದರೆ ಒಂದೊಂದರಲ್ಲಿ ಒಂದೊಂದು. ಹಾಜರಿ ಕರೆದಾಗ ಅರ್ಧಕ್ಕಿಂತ ಹೆಚ್ಚು ಪ್ರತಿ ‘ಇದ್ದೇನೆ’ ಅಂದರೆ ಮಾತ್ರ ಗ್ರೂಪು ಏಳುತ್ತದೆ. ಪಂಚಾಯಿತಿ ಸಭೆಯ ಹಾಗೆಯೇ. ಎರಡು ಡಿಸ್ಕಿನ ಗ್ರೂಪಿನಲ್ಲಿ ಎರಡು ಪ್ರತಿ ಇರುವ ಡಿಸ್ಕೇ ಹೋದರೆ, ಉಳಿದದ್ದು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಸಭೆ ನಡೆಯುವುದಿಲ್ಲ. ಇನ್ನೊಂದು ಹೋದರೆ ಏನೂ ಆಗುವುದಿಲ್ಲ! ಈ ತಾರತಮ್ಯವನ್ನು ಹೊಸಬರಿಗೆ ವಿವರಿಸುವಷ್ಟರಲ್ಲಿ ಎರಡು ಕಾಫಿ ಖಾಲಿಯಾಗುತ್ತಿತ್ತು.

ಬೇರೆ ಯಂತ್ರದ ಡಿಸ್ಕು ತಂದು ಹಾಕಿದರೆ ಎಐಎಕ್ಸ್‌ನಲ್ಲಿ ‘ಇಂಪೋರ್ಟ್‌ವಿಜಿ’ ಅನ್ನಬೇಕು. ಗ್ರೂಪಿನ ಯಾವುದಾದರೂ ಒಂದು ಡಿಸ್ಕಿನ ಹೆಸರು ಹೇಳಿದರೆ ಸಾಕು. ಅದು ತನ್ನ ವಿಜಿಡಿಎ ಓದಿ ‘ನನ್ನ ಜೊತೆ ಇಂಥಿಂಥವರು ಇದ್ದಾರೆ’ ಅಂತ ಉಳಿದ ಪಿವಿಐಡಿಗಳನ್ನು ಹೇಳುತ್ತದೆ. ಅದನ್ನೆಲ್ಲ ಪುಸ್ತಕಕ್ಕೆ ಬರೆದುಕೊಳ್ಳುತ್ತದೆ. ಅಂದರೆ ಹೊಸಬರು ಬಂದಾಗ ಕಲ್ಲು ನೋಡುವುದು, ದಿನನಿತ್ಯಕ್ಕೆ ಪುಸ್ತಕ. ಒಳ್ಳೆಯ ಏರ್ಪಾಡು. ಈಗಲೂ ಹಾಗೇ ಇದೆ.

ನಂತರ ಎಚ್‌ಪಿ. ಐಬಿಎಂ, ಎಚ್‌ಪಿ, ಡಿಇಸಿ ಮುಂತಾದವರು ಸೇರಿ 1988ರಲ್ಲಿ ಓಪನ್ ಸಾಫ್ಟ್‌ವೇರ್ ಫೌಂಡೇಶನ್ ಅಂತ ಕಟ್ಟಿಕೊಂಡಿದ್ದರು. ಐಬಿಎಂನ ಎಲ್‌ವಿಎಂ ವಿಚಾರಗಳು ಆ ದಾರಿಯಿಂದಲೇ ಎಚ್‌ಪಿ-ಯುಎಕ್ಸ್‌ಗೆ ಬಂದವು. ಅಲ್ಲಿ ಪಟ್ಟಿಯ ಹೆಸರು ‘ಎಲ್‌ವಿಎಂಟ್ಯಾಬ್’, ಇಟಿಸಿ ಡೈರೆಕ್ಟರಿಯಲ್ಲಿ ಕೂತಿರುವ ಒಂದು ಪುಟ್ಟ ಕಡತ. ಯಾವ ಗ್ರೂಪಿಗೆ ಯಾವ ದಾರಿಯ ಡಿಸ್ಕು ಅಂತ ಅದರಲ್ಲಿರುತ್ತದೆ. ಆದರೆ ಓದುವ ಹಾಗಿಲ್ಲ, ಬೈನರಿ! ‘ಸ್ಟ್ರಿಂಗ್ಸ್’ ಆದೇಶ ಹಾಕಿ ಅದರೊಳಗಿನ ಅಕ್ಷರಗಳನ್ನು ಹೆಕ್ಕಿ ನೋಡುವುದು ಎಚ್‌ಪಿ-ಯುಎಕ್ಸ್‌ನವರಿಗೆಲ್ಲ ಗೊತ್ತಿದ್ದ ಮನೆಮದ್ದು.

‘ವಿಜಿಸ್ಕ್ಯಾನ್’ ಹುಟ್ಟಿದ್ದು ಈ ಪಟ್ಟಿಯ ಸಲುವಾಗಿ. ಪಟ್ಟಿ ಹಾಳಾಯಿತು, ಅಥವಾ ಹಾರ್ಡ್‌ವೇರ್ ಬದಲಾಗಿ ಡಿಸ್ಕುಗಳ ಹೆಸರೆಲ್ಲ ಬೇರೆಯಾಯಿತು ಅಂದಾಗ ವಿಜಿಸ್ಕ್ಯಾನ್ ಎಲ್ಲ ಡಿಸ್ಕುಗಳ ಬಾಗಿಲು ತಟ್ಟಿ, ಕಲ್ಲು ಓದಿ, ಪುಸ್ತಕವನ್ನು ಮತ್ತೆ ಬರೆಯುತ್ತದೆ. ಹಿರಿಯರು ಹೇಳಿಕೊಡುತ್ತಿದ್ದ ಒಂದು ಶಿಸ್ತಿತ್ತು: ಮೊದಲು ಹಳೆಯ ಪಟ್ಟಿಯ ಹೆಸರು ಬದಲಿಸಿ ಪಕ್ಕಕ್ಕಿಡು, ಆಮೇಲೆ ಸ್ಕ್ಯಾನು ಮಾಡು. ಸ್ಕ್ಯಾನಿನ ಹೊತ್ತಿಗೆ ಒಂದು ಡಿಸ್ಕು ನಿದ್ದೆ ಮಾಡುತ್ತಿದ್ದರೆ ಹೊಸ ಪಟ್ಟಿಯಲ್ಲಿ ಅದರ ಹೆಸರೇ ಇರುವುದಿಲ್ಲವಲ್ಲ! ಹೆಸರು ಬಿಟ್ಟುಹೋದ ಡಿಸ್ಕಿನಲ್ಲಿ ಬ್ಯಾಂಕಿನ ಲೆಕ್ಕವೋ ಆಸ್ಪತ್ರೆಯ ದಾಖಲೆಯೋ ಇದ್ದರೆ ರಾತ್ರಿಯ ನಿದ್ದೆ ಹೋದ ಹಾಗೇ.

ಇನ್ನು ಲಿನಕ್ಸು. 1998ರಲ್ಲಿ ಹೈನ್ಸ್ ಮೌಲ್ಸ್‌ಹಾಗನ್ ಅನ್ನುವ ಜರ್ಮನಿಯವರು ಎಚ್‌ಪಿ-ಯುಎಕ್ಸನ್ನು ಮಾದರಿಯಾಗಿಟ್ಟುಕೊಂಡು ಲಿನಕ್ಸಿಗೆ ಎಲ್‌ವಿಎಂ ಬರೆದರು. ಆದೇಶಗಳ ಹೆಸರು ಕೂಡ ಬಹುಪಾಲು ಅವೇ, ಎಲ್‌ವಿಎಂಟ್ಯಾಬ್ ಕೂಡ ಬಂತು. 2001ರ ಜನವರಿಯಲ್ಲಿ ಬಂದ 2.4 ಕರ್ನಲ್ಲಿನಲ್ಲಿ ಅದಕ್ಕೆ ಜಾಗ ಸಿಕ್ಕಿತು. ಯಂತ್ರ ಏಳುವಾಗ ಮೊದಲು ವಿಜಿಸ್ಕ್ಯಾನ್ ಓಡಿ ಪಟ್ಟಿ ತಯಾರು ಮಾಡಬೇಕು, ಆಮೇಲೆ ‘ವಿಜಿಚೇಂಜ್’ ಗ್ರೂಪುಗಳನ್ನು ಎಬ್ಬಿಸಬೇಕು. ಆಗ ಪರದೆಯ ಮೇಲೆ ಬರುತ್ತಿದ್ದ ಸಂದೇಶ ಹಳಬರಿಗೆಲ್ಲ ನೆನಪಿರುತ್ತದೆ: ಎಲ್ಲ ಫಿಸಿಕಲ್ ವಾಲ್ಯೂಮುಗಳನ್ನು ಓದುತ್ತಿದ್ದೇನೆ, ತುಸು ಹೊತ್ತು ಹಿಡಿಯಬಹುದು... ಒಂದೇ ಡಿಸ್ಕಿನ ಯಂತ್ರದಲ್ಲೂ ಅದೇ ವಿನಯ :)

ಆ ಮೊದಲ ಆವೃತ್ತಿಗೆ ಮಿತಿಗಳು ಬಹಳ. ಮಾಮೂಲಿ 4 ಎಂಬಿ ಅಳತೆಯ ಎಕ್ಸ್‌ಟೆಂಟು ಇಟ್ಟುಕೊಂಡರೆ ಒಂದು ಲಾಜಿಕಲ್ ವಾಲ್ಯೂಮು ಹೆಚ್ಚೆಂದರೆ 256 ಜಿಬಿ ಹತ್ತಿರಕ್ಕೆ ನಿಲ್ಲುತ್ತಿತ್ತು. ಅದರ ಮಧ್ಯೆ ಐಬಿಎಂನವರು ಇವಿಎಂಎಸ್ ಅಂತ ಬೇರೆ ಒಂದನ್ನು ಕಟ್ಟುತ್ತಿದ್ದರು. 2002ರ ಅಕ್ಟೋಬರಿನಲ್ಲಿ ಜೋ ಥಾರ್ನ್‌ಬರ್ ಮತ್ತು ಸಿಸ್ಟಿನಾ ತಂಡದ ‘ಡಿವೈಸ್ ಮ್ಯಾಪರ್’ 2.5 ಕರ್ನಲ್ಲಿಗೆ ಸೇರಿತು. ಮುಂದಿನ ತಿಂಗಳೇ ಇವಿಎಂಎಸ್‌ನವರು ತಮ್ಮ ಕರ್ನಲ್ ಕೋಡು ಕೈಬಿಟ್ಟು, ಎದುರಾಳಿಯ ಡಿವೈಸ್ ಮ್ಯಾಪರ್ ಮೇಲೇ ತಮ್ಮದನ್ನು ಕಟ್ಟುತ್ತೇವೆ ಅಂತ ಪ್ರಕಟಿಸಿದರು. ಸ್ವತಂತ್ರ ತಂತ್ರಾಂಶದ ಚರಿತ್ರೆಯಲ್ಲಿ ಅಷ್ಟು ಮರ್ಯಾದೆಯಿಂದ ಸೋತವರನ್ನು ನಾನು ಬಹಳ ಕಂಡಿಲ್ಲ. 2003ರ ಡಿಸೆಂಬರಿನಲ್ಲಿ ರೆಡ್ ಹ್ಯಾಟ್ ಸಿಸ್ಟಿನಾವನ್ನು ಕೊಂಡುಕೊಂಡಿತು. ಅದೇ ತಿಂಗಳು 2.6 ಕರ್ನಲ್ಲೂ ಬಂತು.

ಆಗ ಬಂದ ಎಲ್‌ವಿಎಂ2 ಮಾಡಿದ ದೊಡ್ಡ ಕೆಲಸ ಅಂದರೆ ಶಾನುಭೋಗರಿಗೆ ನಿವೃತ್ತಿ ಕೊಟ್ಟದ್ದು. ಎಲ್‌ವಿಎಂಟ್ಯಾಬ್ ಹೋಯಿತು. ಇನ್ನು ಮೇಲೆ ಡಿಸ್ಕು ಹೇಳಿದ್ದೇ ಸತ್ಯ.

ಈ ಕಲ್ಲು ನೆಟ್ಟ ರೀತಿಯನ್ನು ಸ್ವಲ್ಪ ನಿಧಾನವಾಗಿ ನೋಡಿ. ಡಿಸ್ಕಿನ ಮೊದಲ ನಾಲ್ಕು ಸೆಕ್ಟರುಗಳಲ್ಲಿ ಒಂದರಲ್ಲಿ, ಸಾಮಾನ್ಯವಾಗಿ ಎರಡನೆಯದರಲ್ಲಿ, ‘ಲೇಬಲ್‌ಒನ್’ ಅನ್ನುವ ಎಂಟು ಇಂಗ್ಲಿಷ್ ಅಕ್ಷರ. ಅದು ಕಂಡರೆ ಇದು ನಮ್ಮವನೇ ಅಂತ ಅರ್ಥ. ಪಕ್ಕದಲ್ಲಿ 32 ಅಕ್ಷರದ ಯುಯುಐಡಿ, ಡಿಸ್ಕಿನ ಅಳತೆ, ಮತ್ತು ಪೂರ್ತಿ ವಿವರ ಎಲ್ಲಿದೆ ಅನ್ನುವ ವಿಳಾಸ. ಆ ವಿಳಾಸಕ್ಕೆ ಹೋದರೆ ಸಿಗುವುದು ಬೈನರಿ ಅಲ್ಲ, ಸಾದಾ ಪಠ್ಯ. ಗ್ರೂಪಿನ ಹೆಸರು, ಸದಸ್ಯ ಡಿಸ್ಕುಗಳು, ಯಾವ ತುಂಡು ಎಲ್ಲಿಂದ ಎಲ್ಲಿವರೆಗೆ, ಎಲ್ಲ ಕಣ್ಣಿನಲ್ಲೇ ಓದಬಹುದು. ಮಾಮೂಲಾಗಿ ಗ್ರೂಪಿನ ಪ್ರತಿ ಡಿಸ್ಕಿನಲ್ಲೂ ಇಡೀ ಗ್ರೂಪಿನ ವಿವರದ ಒಂದೊಂದು ಪ್ರತಿ. ಬದಲಾದಾಗಲೆಲ್ಲ ಕ್ರಮಸಂಖ್ಯೆ ಒಂದು ಹೆಚ್ಚುತ್ತದೆ, ಹಾಗಾಗಿ ಯಾವುದು ಹೊಸದು ಅಂತ ತಕರಾರಿಲ್ಲ. ಹೊಸದನ್ನು ಹಳೆಯದರ ಮೇಲೆ ಬರೆಯುವುದಿಲ್ಲ, ಮುಂದಿನ ಜಾಗದಲ್ಲಿ ಬರೆದು ಸುತ್ತಿ ಬರುತ್ತದೆ. ಹೀಗಾಗಿ ಹಳೆಯ ಕೆಲವು ಆವೃತ್ತಿಗಳು ಡಿಸ್ಕಿನಲ್ಲೇ ಉಳಿದಿರುತ್ತವೆ. ಕೆಟ್ಟ ದಿನ ಬಂದಾಗ ಅವನ್ನೇ ಹೆಕ್ಕಿ ತೆಗೆದು ಗ್ರೂಪನ್ನು ಬದುಕಿಸಿಕೊಂಡವರು ಎಷ್ಟೋ ಜನ.

ಇದನ್ನು ಹೇಳುವಾಗ ಒಂದು ಪ್ರಸಂಗ ಹೇಳಲೇಬೇಕು. 2004-05ರ ಹೊತ್ತಿಗೆ ಫೆಡೋರಾ, ರೆಡ್ ಹ್ಯಾಟ್ ಎರಡೂ ಕೇಳದೇನೇ ಎಲ್‌ವಿಎಂ ಹಾಕಿಕೊಡಲು ಶುರು ಮಾಡಿದವು. ಗ್ರೂಪಿನ ಹೆಸರು ಎಲ್ಲ ಯಂತ್ರದಲ್ಲೂ ಒಂದೇ: ‘ವಾಲ್‌ಗ್ರೂಪ್00’. ಊರಿನ ಗಂಡುಮಕ್ಕಳಿಗೆಲ್ಲ ಮಂಜುನಾಥ ಅಂತ ಹೆಸರಿಟ್ಟ ಹಾಗೆ! ಹಳೆಯ ಯಂತ್ರ ಕೆಟ್ಟು, ಅದರ ಡಿಸ್ಕು ತಂದು ಹೊಸದಕ್ಕೆ ಸಿಕ್ಕಿಸಿದರೆ ಇಬ್ಬರು ಮಂಜುನಾಥರು ಎದುರೆದುರು.

ಪರಿಚಯದ ಒಂದು ಸಣ್ಣ ಕಚೇರಿಯಲ್ಲಿ ಇದೇ ಆಗಿತ್ತು. ಹಳೆಯ ಡಿಸ್ಕಿನಲ್ಲಿ ಏಳೆಂಟು ವರ್ಷದ ಲೆಕ್ಕಪತ್ರ, ಜೊತೆಗೆ ಯಜಮಾನರು ಕ್ಯಾಸೆಟ್ಟಿನಿಂದ ಇಳಿಸಿಟ್ಟಿದ್ದ ತಮ್ಮ ತಾಯಿಯ ಸೋಬಾನೆ ಹಾಡುಗಳು. ಕ್ಯಾಸೆಟ್ಟುಗಳು ಆಗಲೇ ಬೂಸಲು ಹಿಡಿದು ಹೋಗಿದ್ದವು. ರಿಪೇರಿಗೆ ಬಂದ ಹುಡುಗ ಡಿಸ್ಕನ್ನು ಮೌಂಟ್ ಮಾಡಲು ನೋಡಿದ, ಫೈಲ್‌ಸಿಸ್ಟಮ್ಮಿನ ಬಗೆ ಗೊತ್ತಿಲ್ಲ ಅಂತ ಬಂತು. ವಿಂಡೋಸ್ ಯಂತ್ರಕ್ಕೆ ಹಾಕಿದ. ಇಡೀ ಡಿಸ್ಕನ್ನೇ, ಪಾರ್ಟಿಶನ್ ಪಟ್ಟಿಯಿಲ್ಲದೆ, ಎಲ್‌ವಿಎಂಗೆ ಕೊಟ್ಟಿದ್ದರಿಂದ ವಿಂಡೋಸ್ ಕಣ್ಣಿಗೆ ಅದು ಖಾಲಿ. ‘ಇನಿಶಿಯಲೈಸ್ ಮಾಡಲೇ?’ ಅಂತ ಕೇಳಿತು. ಡಿಸ್ಕು ಖಾಲಿ ಇದೆ ಸಾರ್, ಹೂಂ ಅನ್ನಲಾ ಅಂತ ಹುಡುಗ ಫೋನು ಮಾಡಿದ್ದು ಪುಣ್ಯ. ಅವನು ಡಿಸ್ಕನ್ನು ಲಿನಕ್ಸಿಗೆ ವಾಪಸು ಹಾಕಿದ ಮೇಲೆ ಪಿವಿಸ್ಕ್ಯಾನ್ ಮಾಡಿಸಿದೆ. ಎರಡು ಡಿಸ್ಕು, ಎರಡಕ್ಕೂ ಗ್ರೂಪಿನ ಹೆಸರು ಒಂದೇ. ಹೆಸರು ಒಂದಾದರೂ ಯುಯುಐಡಿ ಬೇರೆ. ಆ ಯುಯುಐಡಿ ಹಿಡಿದು ‘ವಿಜಿರಿನೇಮ್’ ಮಾಡಿ ಹಳೆಯದಕ್ಕೆ ಬೇರೆ ಹೆಸರಿಟ್ಟದ್ದೇ ತಡ, ಎಲ್ಲ ಎದ್ದು ಕೂತಿತು. ಯಾವ ಪಟ್ಟಿಯಲ್ಲೂ ಆ ಡಿಸ್ಕಿನ ಹೆಸರಿರಲಿಲ್ಲ, ಹಳೆಯ ಯಂತ್ರ ಗುಜರಿಗೆ ಹೋಗಿತ್ತು. ಡಿಸ್ಕು ತಾನೇ ತನ್ನ ಹೆಸರು ಹೇಳಿಕೊಂಡಿದ್ದರಿಂದ ಹಾಡು ಉಳಿಯಿತು.

ಇಷ್ಟು ಚೆನ್ನಾಗಿದ್ದ ಮೇಲೆ ಜಗಳ ಮುಗಿಯಬೇಕಿತ್ತಲ್ಲ? ಇಲ್ಲ.

ಮನೆಯ ಯಂತ್ರದಲ್ಲಿ ತೊಂದರೆ ಅಂದರೆ ಇಷ್ಟೇ: ಸಿಡಿ ಡ್ರೈವಿನಲ್ಲಿ ತಟ್ಟೆ ಇದ್ದರೆ ಎಲ್‌ವಿಎಂ ಅದರ ಬಾಗಿಲನ್ನೂ ತಟ್ಟಿ, ಬರೆಯಲಿಕ್ಕೆ ಬಿಡುತ್ತಿಲ್ಲ ಅಂತ ಗೊಣಗುತ್ತಿತ್ತು. ನಕ್ಕು ಸುಮ್ಮನಾಗಬಹುದು. ದೊಡ್ಡ ಡೇಟಾ ಸೆಂಟರುಗಳಲ್ಲಿ ನಗುವ ಹಾಗಿರಲಿಲ್ಲ. ಅಲ್ಲಿ ಒಂದೇ ಡಿಸ್ಕಿಗೆ ನಾಲ್ಕು ದಾರಿ, ಒಂದು ಕೇಬಲ್ಲು ಹೋದರೂ ಇನ್ನೊಂದಿರಲಿ ಅಂತ. ಲಿನಕ್ಸಿಗೆ ಅದು ನಾಲ್ಕು ಡಿಸ್ಕಾಗಿ ಕಾಣುತ್ತದೆ. ಸ್ಕ್ಯಾನು ಮಾಡಿದರೆ ನಾಲ್ಕೂ ಒಂದೇ ಯುಯುಐಡಿ ಹೇಳುತ್ತವೆ. ‘ನಕಲು ಸಿಕ್ಕಿದೆ, ಇದನ್ನು ಬಿಟ್ಟು ಅದನ್ನು ಬಳಸುತ್ತೇನೆ’ ಅಂತ ಸಂದೇಶ. ಕೆಲವು ಸ್ಟೋರೇಜುಗಳಲ್ಲಿ ಆ ದಾರಿಗಳಲ್ಲಿ ಅರ್ಧ ಮಲಗಿರುತ್ತವೆ, ಓದಲು ಹೋದರೆ ಒಂದೊಂದೂ ತಪ್ಪು ಸಂದೇಶ ಕೊಡುವವರೆಗೆ ಕಾಯಬೇಕು. ನೂರಾರು ಡಿಸ್ಕಿದ್ದರೆ ಯಂತ್ರ ಏಳಲಿಕ್ಕೇ ಯುಗ. ಇನ್ನೂ ಅಪಾಯದ್ದು ಸ್ನ್ಯಾಪ್‌ಶಾಟು: ಡಿಸ್ಕಿನ ಪಡಿಯಚ್ಚು ತೆಗೆದರೆ ಬಾಂದುಕಲ್ಲೂ ಪಡಿಯಚ್ಚಾಗುತ್ತದೆ. ಅಸಲು ಯಾವುದು ನಕಲು ಯಾವುದು ಅಂತ ಕಲ್ಲು ಹೇಳುವುದಿಲ್ಲ. ಇದಕ್ಕಾಗಿಯೇ ‘ವಿಜಿಇಂಪೋರ್ಟ್‌ಕ್ಲೋನ್’ ಅನ್ನುವ ಆದೇಶ ಬಂತು, ನಕಲಿಗೆ ಹೊಸ ಯುಯುಐಡಿ, ಹೊಸ ಹೆಸರು ಕೊಡಲಿಕ್ಕೆ.

ವರ್ಚುಯಲ್ ಮಷೀನುಗಳು ಬಂದ ಮೇಲಿನ ಕತೆ ಇನ್ನೂ ತಮಾಷೆ. ಮನೆಯ ಯಜಮಾನ ತನ್ನ ಒಂದು ಲಾಜಿಕಲ್ ವಾಲ್ಯೂಮನ್ನು ಬಾಡಿಗೆದಾರನಿಗೆ ಡಿಸ್ಕಾಗಿ ಕೊಡುತ್ತಾನೆ. ಬಾಡಿಗೆದಾರ ಅದರೊಳಗೆ ತನ್ನದೇ ಎಲ್‌ವಿಎಂ ಕಟ್ಟಿಕೊಳ್ಳುತ್ತಾನೆ. ಯಜಮಾನ ಸ್ಕ್ಯಾನು ಮಾಡಿದರೆ ಬಾಡಿಗೆದಾರನ ಗ್ರೂಪೂ ಅವನಿಗೆ ಕಾಣುತ್ತದೆ, ಅಡ್ಡಗೋಡೆ ಮೇಲಿಂದ ಇಣುಕಿದ ಹಾಗೆ. ಗೊತ್ತಿಲ್ಲದೆ ಯಜಮಾನ ಅದನ್ನು ಎಬ್ಬಿಸಿ, ಇಬ್ಬರೂ ಒಂದೇ ಜಾಗದಲ್ಲಿ ಬರೆದರೆ ದತ್ತಾಂಶ ಮಣ್ಣು. ಹಾಗಾಗಿ ಇತ್ತೀಚಿನ ಆವೃತ್ತಿಗಳಲ್ಲಿ ಲಾಜಿಕಲ್ ವಾಲ್ಯೂಮುಗಳ ಒಳಗೆ ಇಣುಕಬೇಡ ಅನ್ನುವುದೇ ಮಾಮೂಲು ನಿಯಮ.

ಇದಕ್ಕೆಲ್ಲ ಮೊದಮೊದಲು ಇದ್ದ ಮದ್ದು ಫಿಲ್ಟರು. ಈ ಹೆಸರಿನ ಡಿಸ್ಕು ನೋಡು, ಆ ಹೆಸರಿನದ್ದು ಬಿಡು ಅಂತ ಎಲ್‌ವಿಎಂ ಕಾನ್ಫಿಗ್ ಕಡತದಲ್ಲಿ ಬರೆಯುವುದು. ರೆಗ್ಯುಲರ್ ಎಕ್ಸ್‌ಪ್ರೆಶನ್ನಿನಲ್ಲಿ ಒಂದು ಗೆರೆ ಹೆಚ್ಚುಕಮ್ಮಿಯಾದರೆ ಯಂತ್ರ ತನ್ನ ರೂಟ್ ಡಿಸ್ಕನ್ನೇ ಗುರುತಿಸದೆ ಮಲಗುತ್ತಿತ್ತು. ತಮಾಷೆ ಅಂದರೆ, ನಂಬಬಾರದು ಅಂತ ಬಿಟ್ಟಿದ್ದ ಡಿಸ್ಕಿನ ಹೆಸರುಗಳೇ ಫಿಲ್ಟರಿನ ಹಿತ್ತಲ ಬಾಗಿಲಿಂದ ಒಳಗೆ ಬಂದಿದ್ದವು.

2012ರಲ್ಲಿ ‘ಎಲ್‌ವಿಎಂಮೆಟಾಡಿ’ ಅನ್ನುವ ಡೀಮನ್ ಬಂತು. ಪ್ರತಿ ಆದೇಶಕ್ಕೂ ಎಲ್ಲ ಡಿಸ್ಕು ಓದುವುದು ಬೇಡ, ಹೊಸ ಡಿಸ್ಕು ಕಂಡಾಗ ಯುಡೆವ್ ಪಿವಿಸ್ಕ್ಯಾನನ್ನು ಕರೆಯಲಿ, ಅದು ಓದಿದ್ದನ್ನು ಡೀಮನ್ ನೆನಪಿಟ್ಟುಕೊಳ್ಳಲಿ ಅನ್ನುವ ಉಪಾಯ. 2014ರ ರೆಡ್ ಹ್ಯಾಟ್ 7ರಲ್ಲಿ ಅದೇ ಮಾಮೂಲು. ನನಗೆ ಅದು ಯಾವತ್ತೂ ಹಿಡಿಸಲಿಲ್ಲ. ಬಾಯಿಪಾಠದ ಶಾನುಭೋಗ ಅದು. ಡೀಮನ್ ಒಂದು ನೆನಪಿಟ್ಟುಕೊಂಡಿರುತ್ತದೆ, ಡಿಸ್ಕು ಇನ್ನೊಂದು ಹೇಳುತ್ತಿರುತ್ತದೆ, ಆದೇಶ ಕೊಟ್ಟವನಿಗೆ ಯಾವುದು ಕಾಣುತ್ತಿದೆ ಅಂತಲೇ ತಿಳಿಯುವುದಿಲ್ಲ. ನಕಲು ಡಿಸ್ಕು ಕಂಡರೆ ಡೀಮನ್ನನ್ನು ಬದಿಗಿಟ್ಟು ಹಳೆಯ ಸ್ಕ್ಯಾನಿಗೇ ಮರಳಬೇಕಾಗುತ್ತಿತ್ತು. 2018ರ ಅಕ್ಟೋಬರಿನಲ್ಲಿ ಬಂದ 2.03 ಆವೃತ್ತಿಯಲ್ಲಿ ಅದನ್ನು ಕಿತ್ತುಹಾಕಿದರು. ಅದಕ್ಕೆ ಬದಲು ಸ್ಕ್ಯಾನನ್ನೇ ಚುರುಕು ಮಾಡಿದರು. ಒಂದೊಂದೇ ಡಿಸ್ಕಿಗೆ ಕಾಯುತ್ತ ಕೂರದೆ, ಎಲ್ಲ ಡಿಸ್ಕುಗಳಿಗೂ ಒಟ್ಟಿಗೆ ಓದುವ ಕೋರಿಕೆ ಕಳಿಸಿ ಉತ್ತರ ಬಂದ ಹಾಗೆ ಕೂಡಿಸಿಕೊಳ್ಳುವ ಕ್ರಮ. ಅದೇ ಹೊತ್ತಿಗೆ ಮೌಲ್ಸ್‌ಹಾಗನ್ನರ 1998ರ ಹಳೆಯ ಮಾದರಿಯನ್ನು ಓದುವ ಕೋಡೂ ಹೋಯಿತು. ಅಟ್ಟದ ಮೇಲೆ ಆ ಕಾಲದ ಡಿಸ್ಕು ಯಾರಲ್ಲಾದರೂ ಇದ್ದರೆ ಹಳೆಯ ಲಿನಕ್ಸು ಸಿಡಿಯನ್ನೂ ಜೋಪಾನ ಮಾಡಿಕೊಳ್ಳಿ.

2021ರಲ್ಲಿ ಪಟ್ಟಿ ವಾಪಸು ಬಂತು! ಹೆಸರು ‘ಸಿಸ್ಟಂ ಡಿವೈಸಸ್’, ಇಟಿಸಿ ಡೈರೆಕ್ಟರಿಯಲ್ಲೇ, ಎಲ್‌ವಿಎಂಟ್ಯಾಬ್ ಇದ್ದ ಕೇರಿಯಲ್ಲೇ ಮನೆ. 2022ರ ರೆಡ್ ಹ್ಯಾಟ್ 9ರಿಂದ ಅಲ್ಲಿ ಅದೇ ಮಾಮೂಲು. ಆ ಕಡತದಲ್ಲಿ ಹೆಸರಿರುವ ಡಿಸ್ಕನ್ನು ಮಾತ್ರ ಎಲ್‌ವಿಎಂ ಮಾತಾಡಿಸುತ್ತದೆ. ಆದರೆ ಹಳೆಯ ತಪ್ಪನ್ನು ಅವರು ಮತ್ತೆ ಮಾಡಿಲ್ಲ. ಡಿಸ್ಕಿನ ಹೆಸರು ಮಾತ್ರ ಬರೆದಿಟ್ಟಿಲ್ಲ, ಕಾರ್ಖಾನೆಯಲ್ಲೇ ಬಂದ ಡಬ್ಲ್ಯುಡಬ್ಲ್ಯುಐಡಿ ಅಥವಾ ಸೀರಿಯಲ್ ಸಂಖ್ಯೆಯನ್ನೂ, ಡಿಸ್ಕಿನ ಕಲ್ಲಿನಲ್ಲಿರುವ ಪಿವಿಐಡಿಯನ್ನೂ ಪಕ್ಕದಲ್ಲಿ ಬರೆಯುತ್ತಾರೆ. ಪಡಿಯಚ್ಚು ಬಂದರೆ ಕಲ್ಲು ಒಂದೇ ಇದ್ದರೂ ಡಬ್ಲ್ಯುಡಬ್ಲ್ಯುಐಡಿ ಬೇರೆ, ಸಿಕ್ಕಿಬೀಳುತ್ತದೆ. ಹೆಸರು ಬದಲಾದರೆ ತಾನೇ ತಿದ್ದಿಕೊಳ್ಳುತ್ತದೆ. ಪಟ್ಟಿ ಓದಲಿಕ್ಕೂ ಬರುತ್ತದೆ, ಸಾದಾ ಪಠ್ಯ. ಸಾವಿರ ಡಿಸ್ಕಿನ ಮುಂದೆ ಕೂತವರಿಗೆ ಇದು ಸರಿಯಾದ ತೀರ್ಮಾನ ಅಂತ ನನಗೂ ಅನ್ನಿಸುತ್ತದೆ.

ಆದರೆ ಆ ಸೋಬಾನೆ ಹಾಡಿನ ಡಿಸ್ಕನ್ನು ಇವತ್ತು ರೆಡ್ ಹ್ಯಾಟ್ 9ಕ್ಕೆ ತಂದು ಸಿಕ್ಕಿಸಿ ಪಿವಿಸ್ಕ್ಯಾನ್ ಅಂದರೆ ಉತ್ತರವೇ ಬರುವುದಿಲ್ಲ. ಡಿಸ್ಕು ತನ್ನ ಹೆಸರು ಕೂಗಿ ಹೇಳುತ್ತಿರುತ್ತದೆ, ಪುಸ್ತಕದಲ್ಲಿಲ್ಲ ಅಂತ ಎಲ್‌ವಿಎಂ ತಿರುಗಿಯೂ ನೋಡುವುದಿಲ್ಲ. ಹೊಸಬ ಹುಡುಗನಿಗೆ ಅದು ಖಾಲಿ ಡಿಸ್ಕಿನ ಹಾಗೇ ಕಾಣುತ್ತದೆ. ಇಂಥ ಹೊತ್ತಿಗೆ ಎರಡು ಉಪಾಯ ಗುರುತು ಮಾಡಿಕೊಳ್ಳಿ. ‘ವಿಜಿಇಂಪೋರ್ಟ್‌ಡಿವೈಸಸ್’ ಅನ್ನುವ ಆದೇಶ ಪಟ್ಟಿಯಾಚೆಯ ಡಿಸ್ಕುಗಳನ್ನೂ ಓದಿ ನೀವು ಹೇಳಿದ ಗ್ರೂಪಿನವರನ್ನು ಪಟ್ಟಿಗೆ ಸೇರಿಸುತ್ತದೆ. ಗ್ರೂಪಿನ ಹೆಸರೇ ಗೊತ್ತಿಲ್ಲ ಅಂದರೆ ‘ಪಿವಿಎಸ್’ ಆದೇಶದ ಜೊತೆ ‘ಡಿವೈಸಸ್‌ಫೈಲ್’ ಆಯ್ಕೆ ಕೊಟ್ಟು ಅದರ ಮುಂದೆ ಬರೀ ಖಾಲಿ ಉದ್ಧರಣ ಚಿಹ್ನೆ ಹಾಕಿ. ಆ ಒಂದು ಸಲಕ್ಕೆ ಎಲ್‌ವಿಎಂ ಪುಸ್ತಕ ಮುಚ್ಚಿಟ್ಟು, ಮೊದಲಿನ ಹಾಗೆ ಎಲ್ಲ ಡಿಸ್ಕುಗಳ ಬಾಗಿಲನ್ನೂ ತಟ್ಟುತ್ತದೆ.